ಉರ್ಸುಲಾ ಹೇಳಿದ ಕಾದಂಬರಿ

ಕೊಲೆ ಇಲ್ಲದ ಪುಸ್ತಕ ನನಗೆ ಹಿಡಿಸುವುದಿಲ್ಲ. ಹೀಗೆ ಹೇಳಿದಾಗಲೆಲ್ಲ ವಿಲ್ಲಿ ಮಾಸ್ಟ್ರು ಮೂಗು ಮುರಿಯುತ್ತಾರೆ, ನನ್ನ ಗಂಡ ಊಟ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ನೋಡಲಿ. ಬೆಳಗ್ಗೆಯಿಂದ ಬಂದರಿನ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಮೊಳೆ, ಸ್ಕ್ರೂ, ಪೈಪು ಮಾರುವವಳಿಗೆ ಸೂರ್ಯಾಸ್ತದ ವರ್ಣನೆ ಬೇಡ. ಮೊದಲ ಅಧ್ಯಾಯದಲ್ಲೇ ಒಂದು ಹೆಣ ಬೀಳಬೇಕು. ಯಾರು ಕೊಂದದ್ದು ಎಂದು ತಿಳಿಯುವವರೆಗೆ ನನಗೆ ನಿದ್ದೆ ಬರಬಾರದು.

ತಿಂಗಳ ಕೊನೆಯ ಭಾನುವಾರ ಸಂಜೆ ಜೆಪ್ಪುವಿನಲ್ಲಿ ಮಾಸ್ಟ್ರ ಮನೆಯಲ್ಲಿ ನಾವು ನಾಲ್ವರು ಸೇರುತ್ತೇವೆ. ಮಾಸ್ಟ್ರು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ, ಒಂಟಿ ಮನುಷ್ಯ. ಶಶಿಪ್ರಭಾ ಬ್ಯಾಂಕಿನಲ್ಲಿದ್ದವಳು, ಈಗ ಶಕ್ತಿನಗರದಿಂದ ಬಸ್ಸು ಹಿಡಿದು ಬರುತ್ತಾಳೆ. ಉರ್ಸುಲಾ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ನಾನು ಹಲೀಮಾ. ಮನೆಗಳಲ್ಲಿ ನಾವು ಆಡುವುದು ಕೊಂಕಣಿ, ತುಳು, ಬ್ಯಾರಿ. ಇಲ್ಲಿ ಕೂತಾಗ ಕನ್ನಡ.

ಮಾಸ್ಟ್ರ ಗಾಜಿನ ಕಪಾಟಿನಿಂದ ಒಬ್ಬೊಬ್ಬರು ಒಂದೊಂದು ಪುಸ್ತಕ ಒಯ್ಯಬೇಕು, ತಿಂಗಳಿಡೀ ಓದಬೇಕು, ಬಂದು ಮುಲಾಜಿಲ್ಲದೆ ಅಭಿಪ್ರಾಯ ಹೇಳಬೇಕು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಆ ತಿಂಗಳು ಓದಿರುವುದಿಲ್ಲ. ಹಾಗಾಗಿ ಮಾತಾಡುವವರು ಹೇಳಿದ್ದೇ ಕಥೆ, ಉಳಿದವರು ನಂಬಬೇಕು. ಎಲ್ಲವನ್ನೂ ಓದಿರುವವರು ಮಾಸ್ಟ್ರು ಒಬ್ಬರೇ.

ಉರ್ಸುಲಾಳ ಗಂಡ ಆಲ್ವಿನ್ ಪ್ರತಿ ಸಲ ಅವಳನ್ನು ಸ್ಕೂಟರಿನಲ್ಲಿ ತಂದು ಬಿಟ್ಟು, ಮುಗಿಯುವವರೆಗೆ ಗೇಟಿನ ಹೊರಗೇ ಕಾಯುತ್ತಿದ್ದ. ಕುವೈಟಿನಲ್ಲಿದ್ದು ಬಂದವನು, ಈಗ ಪಣಂಬೂರಿನಲ್ಲಿ ಕ್ರೇನ್ ಓಡಿಸುತ್ತಾನೆ. ಎಂಥ ಒಳ್ಳೆಯ ಗಂಡ ಎಂದು ಶಶಿಪ್ರಭಾ ಹೊಗಳುವುದಿತ್ತು. ಕಾಯುವ ಗಂಡಂದಿರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆ ಭಾನುವಾರ ಏಪ್ರಿಲ್‌ನ ಸೆಕೆ ತಲೆ ಸುಡುತ್ತಿತ್ತು. ಮಾಸ್ಟ್ರು ಗೇಟಿನವರೆಗೆ ಹೋಗಿ, "ಒಳಗೆ ಬಾ ಆಲ್ವಿನ್, ಫ್ಯಾನಿನ ಅಡಿಯಲ್ಲಿ ಕೂತ್ಕೋ, ನಾವು ಯಾರನ್ನೂ ಕಚ್ಚುವುದಿಲ್ಲ" ಎಂದು ಕರೆತಂದರು. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಉರ್ಸುಲಾ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

ಮೊದಲು ನನ್ನ ಸರದಿ. ನನ್ನ ಪುಸ್ತಕದಲ್ಲಿ ಒಬ್ಬ ವೈದ್ಯ ತನ್ನ ಅತ್ತೆ, ಭಾವ, ಅಡುಗೆಯವನು ಎಲ್ಲರನ್ನೂ ಸಾಲಾಗಿ ಮುಗಿಸುತ್ತಾನೆ. "ಕೊಡಲಿಯಲ್ಲಿ ಕಡಿಯುವ ಭಾಗ ಫಸ್ಟ್ ಕ್ಲಾಸ್ ಉಂಟು. ಆದ್ರೆ ಕಡಿದ ಮೇಲೆ ಅವನಿಗೆ ಪಶ್ಚಾತ್ತಾಪ ಅಂತೆ, ಮೂವತ್ತು ಪುಟ ಅಳ್ತಾನೆ. ಅದು ಬೇಡಿತ್ತು" ಎಂದೆ. ಎಲ್ಲರೂ ನಕ್ಕರು. ಆಲ್ವಿನ್ ಕೂಡ ನಕ್ಕ. ಶಶಿಪ್ರಭಾ ಓದಿದ್ದು ಹಿಮಾಲಯದ ಪ್ರವಾಸ ಕಥನ. ಚಳಿ ಚೆನ್ನಾಗಿತ್ತು, ಬರೆದವನ ಜಂಭ ಜಾಸ್ತಿಯಾಯಿತು ಎಂದಳು.

ನಂತರ ಉರ್ಸುಲಾ. ಅವಳ ತೊಡೆಯ ಮೇಲೆ ಗಟ್ಟಿ ರಟ್ಟಿನ ದಪ್ಪ ಕಾದಂಬರಿ. ಕಡಲ ಬದಿಯಲ್ಲಿ ಮೀನು ಹಿಡಿಯುವ ಮೊಗವೀರ ಮನೆತನವೊಂದರ ಕಥೆಯಂತೆ. ಯಾವಾಗಲೂ ನಾಲ್ಕು ವಾಕ್ಯ ಹೇಳಿ ಮುಗಿಸುವವಳು ಅವತ್ತು ಪುಸ್ತಕ ತೆರೆಯದೆಯೇ ಶುರುಮಾಡಿದಳು.

"ಇದ್ರಲ್ಲಿ ಗಿರಿಜಾ ಅಂತ ಒಬ್ಬಳು. ಕಥೆ ಪೂರಾ ಅವಳದ್ದೇ. ಅವಳ ಗಂಡ ಹೊರಗೆ ಎಲ್ಲರಿಗೂ ಬೇಕಾದವ. ಒಮ್ಮೆ ಅವಳು ಕೆಲಸದಿಂದ ಬರುವಾಗ ಲೇಟಾಯ್ತು. ಅಂವ ಎಂತ ಕೇಳ್ಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡ್ಕೊಂಡು ಚಪ್ಪಲಿ ತೆಗೀತಾ ಇದ್ಲು. ಬಾಗಿಲು ಹಾಕಿದ. ಬೆರಳು ಅಲ್ಲಿ ಉಂಟು ಅಂತ ನೋಡಿಯೇ ಹಾಕಿದ್ದು. ಮತ್ತೆ ಅದಕ್ಕೇ ಒರಗಿ ನಿಂತ."

ಶಶಿಪ್ರಭಾ ಲೊಚಗುಟ್ಟಿದಳು. ನಾನು ಚೆನ್ನಾಗಿದೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ, ಮುಂದಿನ ತಿಂಗಳು ಈ ಪುಸ್ತಕ ನನಗಿರಲಿ ಎಂದು.

"ಇನ್ನೊಮ್ಮೆ ಇಸ್ತ್ರಿ ಪೆಟ್ಟಿಗೆ. ಕಾಲರ್ ಸರಿ ಆಗ್ಲಿಲ್ಲ ಅಂತ. ತೋಳಿನ ಮೇಲ್ಭಾಗದಲ್ಲಿ ಇಟ್ಟ, ರವಿಕೆ ಮುಚ್ಚುವ ಜಾಗದಲ್ಲಿ. ಬುದ್ಧಿವಂತ ಅಲ್ವಾ? ಚರ್ಮ ಪೆಟ್ಟಿಗೆಗೇ ಅಂಟಿ ಬಂತು. ಅದನ್ನು ಕೆರೆದು ತೆಗೀಲಿಕ್ಕೆ ಅವಳಿಗೇ ಹೇಳಿದ. ಹೊಡೆಯುವುದು ಯಾವಾಗ್ಲೂ ತೆರ್ಸ್ ಆದ ಮೇಲೆ. ಮೊಣಕಾಲಲ್ಲಿ ಕೂತು, ಭಕ್ತಿಯಲ್ಲಿ ತೆರ್ಸ್ ಮುಗಿಸಿ, ಮತ್ತೆ ಟಿವಿಯ ಶಬ್ದ ಜೋರು ಮಾಡ್ತಾನೆ."

ತೆರ್ಸ್ ಎಂದರೆ ಕ್ರಿಶ್ಚಿಯನ್ನರ ಮನೆಯಲ್ಲಿ ಸಂಜೆ ಜಪಮಾಲೆ ಹಿಡಿದು ಮಾಡುವ ಪ್ರಾರ್ಥನೆ. ಮೊಗವೀರರ ಗಿರಿಜೆಯ ಮನೆಯಲ್ಲಿ ತೆರ್ಸ್ ಎಲ್ಲಿಂದ ಬಂತು? ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಫೆಬ್ರವರಿಯಲ್ಲಿ ಉರ್ಸುಲಾ ಎಡಗೈಯ ಬೆರಳುಗಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದಳು. ವಾರ್ಡಿನ ಬಾಗಿಲು ತಾಗಿತು ಎಂದಿದ್ದಳು.

ತಿರುಗಿ ಆಲ್ವಿನ್‌ನನ್ನು ನೋಡಿದೆ. ಅವನ ಮುಖ ಬಿಳಿಚಿತ್ತು. ಅವನು ನೋಡುತ್ತಿದ್ದುದು ಹೆಂಡತಿಯನ್ನಲ್ಲ, ಅವಳ ತೊಡೆಯ ಮೇಲಿದ್ದ ಪುಸ್ತಕವನ್ನು. ತಾನು ಮುಚ್ಚಿದ ಬಾಗಿಲೊಳಗೆ ಮಾಡಿದ್ದೆಲ್ಲ ಅಚ್ಚಾಗಿ ಕೂತಿದೆ ಎಂದು ಅವನು ನಂಬಿಬಿಟ್ಟಿದ್ದ. ಹೆಂಡತಿ ಕಥೆ ಕಟ್ಟುತ್ತಿದ್ದಾಳೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಎಲ್ಲರ ಮುಂದೆ, ಅವನ ಮುಂದೆಯೇ, ಅವನ ಹೆಸರು ಎತ್ತದೆ ಅವಳು ಅವನ ಚರ್ಮ ಸುಲಿಯುತ್ತಿದ್ದಳು. ಅವನು ಬಾಯಿ ಬಿಟ್ಟರೆ ಅದು ನಾನೇ ಎಂದು ಒಪ್ಪಿದ ಹಾಗೆ. ಭೇಷ್ ಹೆಣ್ಣೇ ಎಂದು ಮನಸ್ಸಿನಲ್ಲೇ ಹೇಳಿದೆ. ಇನ್ನು ಹತ್ತು ನಿಮಿಷ ಮಾಸ್ಟ್ರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಒಂದು ನಿಮಿಷ, ಒಂದು ನಿಮಿಷ ಉರ್ಸುಲಾ" ಎಂದರು ಮಾಸ್ಟ್ರು. ಅವರ ಮುಖದಲ್ಲಿ ತಪ್ಪು ಸಿಕ್ಕಿದ ಖುಷಿ. "ನೀನು ಬೇರೆ ಯಾವುದೋ ಪುಸ್ತಕದ ಜೊತೆ ಕನ್‌ಫ್ಯೂಸ್ ಮಾಡ್ಕೊಂಡಿದ್ದಿ. ಇದ್ರಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲ. ಗಿರಿಜೆಯ ಗಂಡ ಪಾಪದವ ಮಾರಾಯ್ತಿ, ಮೂರನೇ ಅಧ್ಯಾಯದಲ್ಲೇ ದೋಣಿ ಮಗುಚಿ ಸಾಯ್ತಾನೆ. ನಾನು ಮೂರು ಸಲ ಓದಿದ್ದೇನೆ."

"ಮಾಸ್ಟ್ರೇ!" ಎಂದೆ ನಾನು. ಅವರು ನನ್ನತ್ತ ನೋಡಿದರು, ಉರ್ಸುಲಾಳತ್ತ ನೋಡಿದರು, ಆಮೇಲೆ ಆಲ್ವಿನ್‌ನತ್ತ. ಅವರಿಗೆ ಅರ್ಥವಾದಾಗ ಹೊತ್ತು ಮೀರಿತ್ತು.

ಆಲ್ವಿನ್ ನಿಧಾನವಾಗಿ ಎದ್ದ. "ಪುಸ್ತಕದಲ್ಲಿ ಇಲ್ವಾ?" ಎಂದ. ಸ್ವರ ಮೆತ್ತಗಿತ್ತು. "ತೋರಿಸು. ಯಾವ ಪುಟದಲ್ಲಿ ಉಂಟು, ತೋರಿಸು." ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು ಅದರ ಬೆನ್ನಿನಿಂದಲೇ ಅವಳ ಬಾಯಿಗೆ ಹೊಡೆದ. ಹಲ್ಲು ತುಟಿಗೆ ನಾಟಿ ರಕ್ತ ಚಿಮ್ಮಿತು. ಕೂಗಲೂ ಬಿಡದೆ ಇನ್ನೊಂದು, ಕಿವಿಯ ಮೇಲೆ. ಅವಳು ಕುರ್ಚಿ ಸಮೇತ ಕೆಳಗೆ ಬಿದ್ದಳು. ಅವನು ಕಾಲೆತ್ತಿ ಒದ್ದ, ಪುಟ ತೋರಿಸು ಎಂದು ಒಂದೊಂದು ಒದೆಗೂ ಕೇಳುತ್ತ.

ಮಾಸ್ಟ್ರು ಹಿಂದಿನಿಂದ ಅವನ ಸೊಂಟ ಹಿಡಿದರು. ಕ್ರೇನಿನವನ ತೋಳು, ಒಂದೇ ಕೊಡಹಿಗೆ ಮುದುಕರು ಹಾರಿ ಗಾಜಿನ ಕಪಾಟಿಗೆ ಬಡಿದರು. ಗಾಜು ಪುಡಿಯಾಗಿ ಪುಸ್ತಕಗಳು ಅವರ ಮೇಲೆ ಬಿದ್ದವು. ಮುಂಗೈ ಉದ್ದಕ್ಕೆ ಸೀಳಿ, ಬಿಳಿ ಅಂಗಿ ನೋಡುತ್ತಿದ್ದಂತೆ ಕೆಂಪಾಯಿತು. ಶಶಿಪ್ರಭಾ ಗೋಡೆಗೆ ಅಂಟಿ ನಿಂತು ಕಿರುಚುತ್ತಿದ್ದಳು.

ಟೀಪಾಯಿಯ ಮೇಲೆ ಸ್ಟೀಲಿನ ದೊಡ್ಡ ಫ್ಲಾಸ್ಕ್ ಇತ್ತು, ಚಹಾ ತುಂಬಿದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಗೆ ಹಾಕಿದೆ. ತೆಂಗಿನಕಾಯಿ ಒಡೆದ ಹಾಗೆ ಶಬ್ದವಾಯಿತು. ಅವನು ಮೊಣಕಾಲೂರಿದ. ಪುಸ್ತಕಗಳಲ್ಲಿ ನಾನು ನೂರಾರು ಸಲ ಓದಿದ್ದೆ, ಹೊಡೆದವರ ಕೈ ನಡುಗುತ್ತದೆ ಎಂದು. ನನ್ನ ಕೈ ನಡುಗಲಿಲ್ಲ. ನನಗೆ ಸಂತೋಷವಾಯಿತು. ಅದೇ ಸಂತೋಷದಲ್ಲಿ ಮತ್ತೊಮ್ಮೆ ಹೊಡೆದೆ, ಮೂರನೆಯದಕ್ಕೂ ಎತ್ತಿದೆ.

"ಸಾಕು ಹಲೀಮಕ್ಕ" ಎಂದಳು ಉರ್ಸುಲಾ ನೆಲದಿಂದಲೇ. "ಸಾಯ್ತಾನೆ."

ಅವನು ಸಾಯಲಿಲ್ಲ. ತಲೆ ಹಿಡಿದುಕೊಂಡು, ಬೆರಳ ಸಂದಿಯಲ್ಲಿ ರಕ್ತ ಸುರಿಸುತ್ತ ಅಂಗಳ ದಾಟಿ ಗೇಟಿನ ಹೊರಗೆ ಹೋದ. ನಾನು ಬಾಗಿಲಿಗೆ ಚಿಲಕ ಹಾಕಿದೆ. ಉರ್ಸುಲಾ ತೆವಳಿ ಮಾಸ್ಟ್ರ ಬಳಿ ಹೋಗಿ ತನ್ನ ಸೆರಗು ಹರಿದು ಅವರ ಕೈ ಕಟ್ಟತೊಡಗಿದಳು. ಅವಳ ಬಾಯಿಯ ರಕ್ತ ಅವರ ಕೈಯ ಮೇಲೆ ತೊಟ್ಟಿಕ್ಕುತ್ತಿತ್ತು. "ನನ್ನಿಂದ ಆಯ್ತು, ಎಲ್ಲ ನನ್ನಿಂದ" ಎನ್ನುತ್ತಿದ್ದರು ಮಾಸ್ಟ್ರು. ಹೌದು ನಿಮ್ಮಿಂದಲೇ ಎಂದು ನಾನು ಗದರಿಸಿದೆ.

ಅಷ್ಟರಲ್ಲಿ ರಸ್ತೆಯಿಂದ ಅವನ ಬೊಬ್ಬೆ ಕೇಳಿತು. "ನೋಡಿ ಎಲ್ಲರೂ! ಬ್ಯಾರಿ ಹೆಂಗಸು ನನ್ನ ತಲೆ ಒಡೆದಳು! ನನ್ನ ಹೆಂಡತಿಯನ್ನು ಒಳಗೆ ಹಾಕಿ ಚಿಲಕ ಹಾಕಿದ್ದಾರೆ!"

ಕಿಟಕಿಯಿಂದ ನೋಡಿದೆ. ದಾದಾಂಡ್, ದಾದಾಂಡ್ ಎಂದು ಕೇಳುತ್ತ ತುಳುವಿನಲ್ಲಿ, ಕೊಂಕಣಿಯಲ್ಲಿ ಜನ ಸೇರುತ್ತಿದ್ದರು. ಏನಾಯಿತೆಂದು ಕೇಳಿದವರಿಗೆಲ್ಲ ಅವನು ತನ್ನ ತಲೆ ತೋರಿಸುತ್ತಿದ್ದ, ಹೆಂಡತಿಗೆ ಹೊಡೆದ ಮಾತೇ ಇಲ್ಲ. ಆಗಲೇ ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಆಚೆ ಮೂಲೆಯ ಅಂಗಡಿಯಿಂದ ನಮ್ಮವರು, ಬ್ಯಾರಿ ಮುಸ್ಲಿಮರು, ನಾಲ್ಕೈದು ಮಂದಿ ಇಳಿದು ಬಂದು ಎದುರು ಬದಿಯಲ್ಲಿ ನಿಂತರು. ಅವರಲ್ಲಿ ತಮೀಮ್ ನನ್ನ ತಂಗಿಯ ಮಗ, ಕೋಪ ಬಂದರೆ ಹಿಂದೆಮುಂದೆ ನೋಡದವನು. ನಡುವೆ ರಸ್ತೆಯಷ್ಟೇ ಜಾಗ ಉಳಿದಿತ್ತು. ನಮ್ಮ ಊರಿನಲ್ಲಿ ಇಂಥದ್ದು ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ನಾಳೆ ಅಂಗಡಿಯ ಶಟರ್ ತೆಗೆಯಲಾಗದು ಎಂದು ಹೆದರಿದೆ, ಆಮೇಲೆ ಇವತ್ತು ರಾತ್ರಿಯೇ ಯಾರದ್ದಾದರೂ ಹೊಟ್ಟೆಗೆ ಚೂರಿ ಬೀಳಬಹುದು ಎಂದು ಹೆದರಿದೆ. ಒಂದು ಕಲ್ಲು ಕಿಟಕಿ ಒಡೆದು ಒಳಗೆ ಬಿತ್ತು. ಶಶಿಪ್ರಭಾ ಪೊಲೀಸರಿಗೆ ಫೋನು ಮಾಡುತ್ತಿದ್ದಳು, ಮನೆಯ ವಿಳಾಸ ಹೇಳಲು ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

"ಉರ್ಸುಲಾ! ಚಲ್ ಘರಾ!" ಹೊರಗಿನಿಂದ ಆಲ್ವಿನ್ ಕೂಗಿದ, ಮನೆಗೆ ನಡೆ ಎಂದು.

ಉರ್ಸುಲಾ ಎದ್ದಳು. ಚಿಲಕಕ್ಕೆ ಕೈ ಹಾಕಿದಳು.

"ಎಲ್ಲಿಗೆ?" ಎಂದೆ. "ಅವನ ಹತ್ರ? ಇಷ್ಟಾದ ಮೇಲೂ? ನಾಚಿಕೆ ಇಲ್ವಾ ನಿಂಗೆ, ನಾಯಿ ಹೋದ ಹಾಗೆ ಹೋಗ್ತಿಯಾ?"

ಅವಳು ನನ್ನ ಕೈ ಬದಿಗೆ ಸರಿಸಿ ಹೊರಗೆ ನಡೆದಳು. ನನಗೆ ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅವಳ ಮೇಲೆ ಬಂತು. ಆದರೂ ಹಿಂದೆಯೇ ಹೋದೆ. ಗೇಟಿನಲ್ಲಿ ಅವಳನ್ನು ಕಂಡು ಆಲ್ವಿನ್‌ನ ಮುಖ ಸಡಿಲವಾಯಿತು. ಸ್ಕೂಟರ್ ಹತ್ತಲು ಗದ್ದದಿಂದಲೇ ಸನ್ನೆ ಮಾಡಿದ.

ಅವಳು ಸ್ಕೂಟರ್ ದಾಟಿ ರಸ್ತೆಯ ನಡುವಿಗೆ ಹೋದಳು, ಎರಡು ಗುಂಪುಗಳ ಮಧ್ಯಕ್ಕೆ. ಹರಿದ ಸೆರಗನ್ನು ಹೆಗಲಿಂದ ಇಳಿಸಿದಳು. ಎಡಗೈಯಿಂದ ಬಲತೋಳಿನ ರವಿಕೆ ಎಳೆದಳು, ಹೊಲಿಗೆ ಕಿತ್ತು ಬಂತು. ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರ ಅಲ್ಲಿತ್ತು, ಸ್ಪಷ್ಟವಾಗಿ, ಕಂದು ಬಣ್ಣದಲ್ಲಿ, ಅಂಚು ಇನ್ನೂ ಹಸಿ. ಅದರ ಕೆಳಗೆ ಹಳೆಯದು ಇನ್ನೊಂದು.

ಗುಂಪಿನಲ್ಲಿ ಯಾರೋ ಜೇಸೂ ಎಂದು ದೇವರನ್ನು ಕರೆದರು. ಕಲ್ಲು ಹಿಡಿದಿದ್ದ ಒಬ್ಬ ಅದನ್ನು ಚರಂಡಿಗೆ ಬಿಟ್ಟ. ತಮೀಮ್ ಮುಖ ತಿರುಗಿಸಿಕೊಂಡ.

"ಇದು ಮಾಡಿದ್ದು ಇಂವ" ಎಂದಳು ಉರ್ಸುಲಾ. ತುಟಿ ಊದಿ ಮಾತು ತೊದಲುತ್ತಿತ್ತು. "ಒಳಗೆ ಇವತ್ತು ಮೊದಲು ಹೊಡೆದದ್ದೂ ಇಂವ. ಹಲೀಮಕ್ಕ ಇವನ ತಲೆ ಒಡೆದದ್ದು ನನ್ನನ್ನು ಉಳಿಸ್ಲಿಕ್ಕೆ. ಅದು ನಾನೇ ಮಾಡ್ಬೇಕಿತ್ತು, ನಂಗೆ ಧೈರ್ಯ ಇರ್ಲಿಲ್ಲ. ಜಾತಿ ಧರ್ಮದ ವಿಷಯ ಎಂತದ್ದೂ ಇಲ್ಲ ಇದ್ರಲ್ಲಿ. ನಮ್ಮ ಮನೆಯ ವಿಷಯ, ಎಲ್ಲರೂ ಕೇಳಿ."

"ಹುಚ್ಚಿ" ಎಂದ ಆಲ್ವಿನ್, ಸುತ್ತ ನೋಡಿ ನಗಲು ಯತ್ನಿಸುತ್ತ. "ಪುಸ್ತಕ ಓದಿ ಓದಿ ತಲೆ ಕೆಟ್ಟಿದೆ." ಯಾರೂ ನಗಲಿಲ್ಲ. ಅವನು ಅವಳತ್ತ ಒಂದು ಹೆಜ್ಜೆ ಇಟ್ಟ. ಎರಡೂ ಬದಿಯಿಂದ ಗಂಡಸರು ಅವನಿಗೆ ಅಡ್ಡ ನಿಂತರು.

ಮೊಬೈಲ್ ಹಿಡಿದಿದ್ದವನು ತನ್ನಷ್ಟಕ್ಕೆ ಕೈ ಕೆಳಗಿಳಿಸಿದ. ಸಂಭಾವಿತ ಮನುಷ್ಯ, ಹೆಂಗಸಿನ ಬರಿ ತೋಳಿನ ವಿಡಿಯೋ ತೆಗೆಯಬಾರದೆಂದು ತೋರಿರಬೇಕು.

"ಇಳಿಸ್ಬೇಡ ಮಾರಾಯ" ಎಂದಳು ಉರ್ಸುಲಾ. "ಹತ್ರ ಬಂದು ಸರಿಯಾಗಿ ತೆಗಿ. ಇಲ್ಲಿ, ಬೆನ್ನಲ್ಲೂ ಉಂಟು."