ಖಾಲಿ ಕಿಟಕಿ

"ಚಿತ್ರದಲ್ಲಿ ಏನಿದೆ ಅಷ್ಟು ಹೇಳಮ್ಮ, ಸಾಕು. ಯಾಕಿದೆ ಅಂತ ನನ್ನ ಕೇಳಬೇಡ," ಎಂದು ಗುನ್‌ವೋರ್ ನಾಲ್ಕನೇ ಸಲ ಕಾರ್ಡನ್ನು ಎತ್ತಿ ಹಿಡಿದಳು.

ಹಿಮ, ಹಿಮದಲ್ಲೊಂದು ತಳ್ಳುಗಾಡಿ, ಅದರಲ್ಲಿ ಮಲಗಿದ ಕೂಸು, ಹಿಂದೆ ಮನೆಯ ಕಿಟಕಿ. ನಾರ್ವೇಜಿಯನ್ ಕಲಿಸಲೆಂದು ಇಪ್ಪತ್ತು ವರ್ಷದ ಹಿಂದೆ ಅವಳೇ ಕೂತು ಬರೆದು, ಪ್ಲಾಸ್ಟಿಕ್ ಹೊದಿಸಿದ್ದ ಕಾರ್ಡು. ಇದಕ್ಕಿಂತ ಸುಲಭದ್ದು ಪೆಟ್ಟಿಗೆಯಲ್ಲಿರಲಿಲ್ಲ.

ಎದುರಿಗೆ ಕೂತಿದ್ದವಳು ಎರಿಟ್ರಿಯಾದ ತಿರ್ಹಾಸ್. ನಾಳೆ ಬೆಳಿಗ್ಗೆ ಅವಳಿಗೆ ಮಾತಿನ ಪರೀಕ್ಷೆ. ಚಿತ್ರ ನೋಡಿ ಮೂರು ನಿಮಿಷ ಮಾತಾಡಬೇಕು. ಪಾಸಾದರೆ ಶಿಶುವಿಹಾರದಲ್ಲಿ ಕಾಯಂ ಕೆಲಸ. ಇಲ್ಲವಾದರೆ ಮತ್ತೆ ಮೀನಿನ ಕಾರ್ಖಾನೆಯ ತಣ್ಣೀರು.

"ಈ ಕೂಸನ್ನ ಬಿಟ್ಟು ಹೋಗಿದ್ದಾರೆ, ಟೀಚರ್."

"ಅಯ್ಯೋ, ಮಲಗಿಸಿದ್ದಾರೆ! ಇಲ್ಲಿ ಎಲ್ರೂ ಮಕ್ಕಳನ್ನ ಹೊರಗೇ ಮಲಗಿಸ್ತಾರೆ. ನಮ್ಮಮ್ಮ ನನ್ನನ್ನೂ ಹೀಗೇ ಮಲಗಿಸ್ತಿದ್ದಳು."

"ಅದಕ್ಕೇ ನಿಮಗೆ ನೆಗಡಿ ಬಿಡಲ್ಲ," ಎಂದ ಹಿಂದಿನ ಬೆಂಚಿನಿಂದ ಪೋಲೆಂಡಿನ ಬಸ್ ಡ್ರೈವರ್ ವಿಟೋಲ್ಡ್.

"ನೀನು ಸುಮ್ನಿರಯ್ಯ!" ಗುನ್‌ವೋರ್ ಮೂಗು ಒರೆಸಿಕೊಂಡಳು.

"ಹೊರಗೆ ಮಲಗಿಸೋದು ನಂಗೂ ಗೊತ್ತು. ಬೀದೀಲಿ ನೋಡಿದ್ದೀನಿ," ಎಂದಳು ತಿರ್ಹಾಸ್. "ಆದ್ರೆ ಒಳಗಿಂದ ಯಾರಾದ್ರೂ ನೋಡ್ತಾ ಇರ್ತಾರೆ. ಇಲ್ಲಿ ಯಾರಿದ್ದಾರೆ? ಕಿಟಕಿ ಖಾಲಿ."

ಗುನ್‌ವೋರ್ ಕಾರ್ಡನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಿಟಕಿ ಖಾಲಿಯೇ ಇತ್ತು. ಅದು ಇನ್ನಷ್ಟು ಸಿಟ್ಟು ತರಿಸಿತು.

"ಹಾಗಾದ್ರೆ ನೀನೇ ಬರಿ, ತಾಯಿ!" ಎಂದು ಕಾರ್ಡನ್ನೂ ಬೋರ್ಡಿನ ಪೆನ್ನನ್ನೂ ಅವಳ ಮುಂದೆ ಕುಕ್ಕಿದಳು.

ತಿರ್ಹಾಸ್ ಕಿಟಕಿಯಲ್ಲಿ ಒಂದು ಮುಖ ಬರೆದಳು. ಪೆನ್ನಿಗೆ ಮುಚ್ಚಳ ಹಾಕಿ ಶುರುಮಾಡಿದಳು.

"ತಾಯಿ ಒಳಗಿದ್ದಾಳೆ. ಕಾಫಿ ಆರಿಹೋಗಿದೆ, ಅವಳು ಕುಡಿಯಲ್ಲ. ಕೂಸಿನ ಕೈಗವಸು ಬಿತ್ತಾ ಅಂತ ನೋಡ್ತಿದ್ದಾಳೆ. ಈಗ ಗಾಳಿ ಬಂತು. ಅವಳು ಎದ್ದು ನಿಂತಳು..."

ಅಲ್ಲಲ್ಲಿ ತಪ್ಪಿತು. ಗುನ್‌ವೋರ್ ತಿದ್ದಲು ಹೋಗಲಿಲ್ಲ. ಮಾತು ನಿಂತಾಗ ಗಡಿಯಾರ ನೋಡಿದಳು. ಏಳು ನಿಮಿಷ.

"ನಾಳೆ ಅಲ್ಲಿ ಪೆನ್ನು ಕೊಡಲ್ಲ, ತಿಳೀತಾ?"

"ಬೇಡ ಟೀಚರ್. ಕಣ್ಣಲ್ಲೇ ಬರ್ಕೋತೀನಿ."

ಎಲ್ಲರೂ ಹೋದ ಮೇಲೆ ಗುನ್‌ವೋರ್ ಗೊಣಗುತ್ತಲೇ ಒದ್ದೆ ಬಟ್ಟೆಯಿಂದ ಕಾರ್ಡುಗಳನ್ನು ಒರೆಸತೊಡಗಿದಳು. ಬೆರಳಿನ ಗುರುತು, ಚಹಾದ ಕಲೆ ಎಲ್ಲ ಹೋದವು. ತಳ್ಳುಗಾಡಿಯ ಕಾರ್ಡು ಬಂದಾಗ ಅಂಚನ್ನಷ್ಟೇ ಒರೆಸಿದಳು. ಕಿಟಕಿಯಲ್ಲಿನ ಮುಖಕ್ಕೆ ಬಟ್ಟೆ ತಾಗದಂತೆ ಅದನ್ನು ಎತ್ತಿ, ಒದ್ದೆ ಅಂಚು ಒಣಗಲೆಂದು ಮೆಲ್ಲಗೆ ಊದಿದಳು.