ಬೇರ್‌ಫುಟ್, ನಾಲ್ಕನೇ ಭಾಗ

ಸೋಮನೂರಿನ ವಿಮಲ್ ‘ಬೇರ್‌ಫುಟ್’ ಎಂಬ ವೀಡಿಯೋ ಗೇಮಿನ ಏಳೂ ಭಾಗಗಳನ್ನು ಕಣ್ಣು ಮುಚ್ಚಿಕೊಂಡು, ಬರೀ ಕಿವಿಯ ಬಲದಿಂದ ಮುಗಿಸಿದವನು. ಒಬ್ಬ ಕಾವಲುಗಾರನೂ ಅವನ ನೆರಳನ್ನು ಕಂಡಿರಲಿಲ್ಲ. ಆರನೇ ಭಾಗದ ಮುದಿ ಕಾವಲುಗಾರನಂತೂ ಇವನಿಗಾಗಿ ಕಾದೂ ಕಾದೂ ಬೇಸತ್ತು, ಆಟದೊಳಗೇ ಕೆಲಸ ಬಿಟ್ಟು ಮನೆಗೆ ಹೋಗಿಬಿಟ್ಟಿದ್ದ. ಕಂಪನಿಯವರು ಎಂಟನೇ ಭಾಗವನ್ನು ಹೊರಗೆ ಬಿಡದೆ ಇಟ್ಟುಕೊಂಡಿರುವುದೂ ವಿಮಲನ ಭಯಕ್ಕೇ. ಎಂಥ ಗೋಡೆ ಕಟ್ಟಿದರೂ ಇವನು ನುಸುಳುತ್ತಾನೆ, ಮತ್ತೇಕೆ ಕಟ್ಟುವುದು?

ಇಷ್ಟನ್ನೂ ಅವನು ಹೇಳಿದ್ದು ತೊಂಡಾಮುತ್ತೂರಿನಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದುಕೊಂಡು.

ಬರುವಾಗ ಬಸ್ಸಿನಲ್ಲಿ ಅಜ್ಜಿ ಪೆರಿಯನಾಯಕಿ ಎಚ್ಚರಿಸಿದ್ದಳು. “ಇವತ್ತು ಬಾಯಲ್ಲಿ ಅರ್ಧ ಮನೇಲೇ ಬಿಟ್ಟು ಬಂದಿದೀಯ ತಾನೇ, ಕಣ್ಣು? ನೀನು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಆಡಿಸಿ ನನ್ನ ಕತ್ತು ಹಿಡ್ಕೊಂಡಿದೆ.” ಅವಳ ಭಯಕ್ಕೆ ಕಾರಣವಿತ್ತು. ಕುನ್ನತ್ತೂರಿನ ಸಂಬಂಧ ಮುರಿದು ಹೋದದ್ದು ಈ ಬಾಯಿಂದಲೇ. ನಮ್ಮ ಮಗ್ಗದ ವೇಗಕ್ಕೆ ನೂಲು ಬರುವ ಮೊದಲೇ ಬಟ್ಟೆ ತಿರುಪ್ಪೂರು ಸೇರಿರುತ್ತದೆ ಎಂದು ವಿಮಲ್ ಅಲ್ಲಿ ಹೇಳಿದ್ದ. ಹೆಣ್ಣಿನ ಅಪ್ಪ ನೂಲಿನ ವ್ಯಾಪಾರಿಯಾಗಿದ್ದ.

ಆದ್ದರಿಂದ ಈ ಸಲ ಅವನು ನಿಜಕ್ಕೂ ಬಾಯಿ ಕಟ್ಟಿಕೊಂಡೇ ಹೊರಟಿದ್ದ. ಮಗ್ಗ ನಿಲ್ಲಿಸಿ ಬರಲಾಗದೆ ಅಪ್ಪ ಅಮ್ಮ ಮನೆಯಲ್ಲೇ ಉಳಿದರು, ಅಜ್ಜಿ ಜೊತೆಗೆ ಬಂದಳು. ಹೆಣ್ಣಿನ ಅಪ್ಪ ಸುಬ್ಬಯ್ಯನ್ ಕೂಡ ನೇಯ್ಗೆಯವರ ಮನೆಯವರೇ. ಮಗ್ಗಗಳನ್ನು ಮಾರಿ ಸೀರೆ ಅಂಗಡಿ ಇಟ್ಟು, ಬೆಟ್ಟದ ಬುಡದಲ್ಲಿ ತೆಂಗಿನ ತೋಟದ ಪಕ್ಕಕ್ಕೆ ಮನೆ ಕಟ್ಟಿಕೊಂಡಿದ್ದರು. ಆ ಮನೆಯಲ್ಲಿ ಸದ್ದೇ ಇರಲಿಲ್ಲ. ವಿಮಲನ ಮನೆಯ ನಡುಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಹಗಲು ರಾತ್ರಿ ಬಡಿಯುತ್ತವೆ. ಅಲ್ಲಿ ಊಟಕ್ಕೆ ಕರೆಯುವುದೂ ಬೈಯುವುದೂ ಕೈಸನ್ನೆಯಲ್ಲೇ, ಬಾಯಿ ತೆರೆದರೆ ಕೂಗಲೇಬೇಕು. ಆ ಅಭ್ಯಾಸದಲ್ಲಿ ಅವನು ಬಾಗಿಲಲ್ಲಿ ನಿಂತು “ವಣಕ್ಕಮುಂಗ ಮಾಮಾ” ಎಂದದ್ದಕ್ಕೆ ತೆಂಗಿನ ಮರದ ಮೇಲಿದ್ದ ಅಳಿಲು ಕೆಳಗೆ ಬಿತ್ತು. ಬೀಳದಿದ್ದರೂ ಬೀಳುವ ಹಾಗಂತೂ ಆಯಿತು.

ಸುಬ್ಬಯ್ಯನ್ ಮಾತುಗಾರರು. ಮಗಳು ಸರಣ್ಯಾ ಸೀರೆಗೆ ಬುಟ್ಟಾ ಡಿಸೈನು ಮಾಡುತ್ತಾಳೆ, ಕೆಲಸ ಮುಗಿದರೆ ವೀಡಿಯೋ ಗೇಮು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲು ಬಂದ ಒಬ್ಬ ಹುಡುಗ ಈ ವಯಸ್ಸಲ್ಲಿ ಇದೆಂಥ ಆಟ ಎಂದನಂತೆ. ಇನ್ನೊಬ್ಬ ನನಗೂ ಎಲ್ಲ ಬರುತ್ತದೆ ಎಂದು ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದನಂತೆ. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋನು ಒಬ್ಬ ಬಂದ್ರೆ ಕರೀರಿ ಅಂದಳು ತಂಬಿ” ಎಂದು ನಕ್ಕರು. ವಿಮಲನೂ ನಕ್ಕ. ಆಮೇಲೆ ಕಾಫಿ ಹಿಡಿದು ಬಂದ ಸರಣ್ಯಾಳನ್ನು ನೋಡಿದ, ಅವಳ ಹಿಂದೆ ಟಿವಿಯ ಕೆಳಗೆ ಸಾಲಾಗಿ ನಿಲ್ಲಿಸಿದ್ದ ಏಳು ಡಬ್ಬಿಗಳನ್ನು ನೋಡಿದ. ಏಳೂ ‘ಬೇರ್‌ಫುಟ್’. ಅವನ ಬಾಯಿಗೆ ಕಟ್ಟಿದ್ದ ಗಂಟು ಅಲ್ಲೇ ಸಡಿಲವಾಯಿತು.

ಅದು ಬರಿಗಾಲಿನ ಕಳ್ಳನೊಬ್ಬನ ಆಟ. ದೊಡ್ಡವರು ಊರವರಿಂದ ಕಿತ್ತುಕೊಂಡದ್ದನ್ನು ಅವನು ಕದ್ದು ತಂದು ಊರಿಗೆ ಮರಳಿಸುತ್ತಾನೆ. ಹೊಡೆದಾಟವಿಲ್ಲ. ಕಾವಲಿನವರ ಕಣ್ಣಿಗೂ ಕಿವಿಗೂ ಬೀಳದೆ ಒಳಗೆ ಹೋಗಿ ಹೊರಗೆ ಬರಬೇಕು, ಅಷ್ಟೆ. ವಿಮಲನಿಗೆ ಮೀಸೆ ಚಿಗುರುವ ಮೊದಲಿಂದ ಭಾಗದ ಮೇಲೆ ಭಾಗ ಬರುತ್ತಲೇ ಇತ್ತು.

ಮಾತು ಒಂದನೇ ಭಾಗದಿಂದ ಶುರುವಾಯಿತು. ಅದರಲ್ಲಿ ಮುಖಗಳು ಬೆಂಕಿಪೆಟ್ಟಿಗೆಯ ಹಾಗಿವೆ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಆದರೂ ಬಂದರಿನ ಗೋದಾಮಿನ ಹಿಂದೆ ನಿಂತಾಗ ಒಂದು ಲಾಟೀನು ಹಾದು ಹೋಗುತ್ತದಲ್ಲ, ಆ ಎದೆಬಡಿತ ಮುಂದಿನ ಯಾವ ಭಾಗಕ್ಕೂ ಬರಲಿಲ್ಲ ಎಂದು ಸರಣ್ಯಾ ಹೇಳಿದಳು. ಇದೇ ಮಾತನ್ನು ವಿಮಲ್ ಸೋಮನೂರಿನ ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದನೋ. ಅವನು ಕೇಸರಿಬಾತು ನುಂಗುವುದನ್ನು ಮರೆತ. ಎರಡನೆಯದರಲ್ಲಿ ಬಗೆಬಗೆಯ ನೆಲಗಳು ಬಂದವು, ಜಲ್ಲಿ, ಹಲಗೆ, ಹುಲ್ಲು, ನೀರು. ನಡೆಯುವುದೇ ಒಂದು ವಿದ್ಯೆಯಾಯಿತು. ಅದರಲ್ಲೂ ಇಬ್ಬರೂ ಒಂದು. ಐದನೆಯದರಲ್ಲಿ ಕಳ್ಳನ ಕೈಗೆ ಚೂರಿ ಕೊಟ್ಟರೆಂದು ಇಬ್ಬರೂ ಸೇರಿ ಬೈದರು, ಸೇತುವೆಯ ಮೇಲಿನ ಮಳೆಗಾಗಿ ಇಬ್ಬರೂ ಸೇರಿ ಕ್ಷಮಿಸಿದರು. ಆರನೆಯದು ಒಂದು ಪೂರಾ ಪಟ್ಟಣ, ತೆರೆಯದ ಬಾಗಿಲೇ ಇಲ್ಲ. ಏಳನೆಯದರಲ್ಲಿ ಕಳ್ಳನಿಗೆ ಮೊಣಕಾಲು ನೋವು. ಮೆಟ್ಟಿಲ ಮೇಲೆ ಕೂತಾಗ ಮೊದಲ ಭಾಗದಲ್ಲಿ ಅವನನ್ನು ಅಟ್ಟಿಸಿಕೊಂಡು ಬಂದಿದ್ದ ಕಾವಲುಗಾರನೇ ಮುದುಕನಾಗಿ ಬಂದು ಪಕ್ಕದಲ್ಲಿ ಕೂರುತ್ತಾನೆ, ಹಿಡಿಯುವುದಿಲ್ಲ. ಅದನ್ನು ಹೇಳುವಾಗ ಸರಣ್ಯಾ ತನ್ನ ಮೊಣಕಾಲನ್ನೇ ಒಮ್ಮೆ ಸವರಿಕೊಂಡಳು.

ವಿಮಲನ ಮಟ್ಟಿಗೆ ಎಲ್ಲಕ್ಕಿಂತ ಮೇಲು ಮೂರನೆಯದು. ಅರಮನೆಯ ತಾರಸಿಯಲ್ಲಿ ಒಣಹಾಕಿದ ಸೀರೆಗಳ ನಡುವೆ ಅಡಗುವ ಭಾಗ. ಒದ್ದೆ ಬಟ್ಟೆ ಗಾಳಿಗೆ ಹೇಗೆ ತಡೆದು ತಡೆದು ಏಳುತ್ತದೋ ಹಾಗೇ ಮಾಡಿದ್ದಾರೆ, ನೇಯುವವರ ಮನೆಯ ಹುಡುಗನೊಬ್ಬ ಆ ಕಂಪನಿಯಲ್ಲಿ ಇರಲೇಬೇಕು ಎಂದ.

“ಅಂಚು ಸರಿಯಾಗಿ ಬಂದಿರಲಿಲ್ಲ” ಎಂದಳು ಅಜ್ಜಿ.

ಸರಣ್ಯಾ ಅಜ್ಜಿಯ ಕಡೆ ತಿರುಗಿದಳು. ವಿಮಲ್ ಅವಸರದಿಂದ, ಅಜ್ಜಿ ಆಚೆ ಈಚೆ ಓಡಾಡುವಾಗ ನೋಡಿರುತ್ತಾಳೆ ಎಂದ. ಅವನಿಗೆ ಈ ಹುಡುಗಿ ಬೇಕಾಗಿದ್ದಳು. ಸಂಬಂಧಕ್ಕೆಂದು ಬಂದಾಗ ಯಾರಾದರೂ ಆಗಬಹುದಿತ್ತು, ಮೊಣಕಾಲು ನೋವಿನ ಕಳ್ಳನಿಗಾಗಿ ತನ್ನ ಮೊಣಕಾಲು ಸವರಿಕೊಂಡವಳನ್ನು ಕಂಡ ಮೇಲೆ ಇವಳೇ ಆಗಬೇಕಿತ್ತು. ಇವಳು ಒಲ್ಲೆ ಎಂದರೆ ಮೂರನೇ ಭಾಗದ ಮಾತನ್ನು ಅವನು ಇನ್ನು ಜೀವಮಾನವೆಲ್ಲ ಟೀ ಅಂಗಡಿಯಲ್ಲೇ ಆಡಬೇಕು.

“ನಾಲ್ಕನೇದು ಬಿಟ್ರಿ” ಎಂದಳು ಸರಣ್ಯಾ.

“ಅದು ದಂಡ. ಗಣಿಯೊಳಗೆ ಇಳಿದ್ರೆ ಟಿವಿ ಆರಿಹೋಯ್ತೇನೋ ಅನ್ನಿಸುತ್ತೆ. ಬರೀ ಕತ್ತಲು. ಕಾವಲಿನವರು ಎಲ್ಲಿಂದ ಬರ್ತಾರೋ ಗೊತ್ತೇ ಆಗಲ್ಲ.”

ಸರಣ್ಯಾ ಲೋಟ ಕೆಳಗಿಟ್ಟಳು. “ಗೊತ್ತಾಗಲ್ವಾ? ನನಗೆ ಏಳರಲ್ಲೂ ಅದೇ ಎಲ್ಲಕ್ಕಿಂತ ಮೇಲು. ಅದನ್ನ ಕಣ್ಣು ಮುಚ್ಕೊಂಡೇ ಆಡಬಹುದಲ್ಲ.”

ಬೇರೆ ಯಾರಾದರೂ ಇಲ್ಲಿ ‘ಗೊತ್ತಿಲ್ಲ’ ಎಂದು ಹೇಳಿ ದಡ ಸೇರುತ್ತಿದ್ದರು. ಆ ಮನೆಯಲ್ಲಿ ಆ ಮಾತಿನ ಬೆಲೆಯೇನೆಂದು ಸುಬ್ಬಯ್ಯನ್ ಆಗಲೇ ಹೇಳಿಯೂ ಆಗಿತ್ತು. ವಿಮಲನ ನಾಲಗೆ ಅತ್ತ ಹೋಗಲಿಲ್ಲ. ನಾಲ್ಕು ಏನು, ಏಳನ್ನೂ ಕಣ್ಣು ಮುಚ್ಚಿಯೇ ಮುಗಿಸಿದ್ದೇನೆ ಎಂದು ಆರಂಭಿಸಿ, ಮುದಿ ಕಾವಲುಗಾರನ ರಾಜೀನಾಮೆಯನ್ನು ದಾಟಿ, ಎಂಟನೇ ಭಾಗದವರೆಗೆ ನಿಲ್ಲದೆ ಓಡಿತು. ಅಜ್ಜಿ ತಲೆ ಆಡಿಸಲಿಲ್ಲ. ಕತ್ತನ್ನು ಒಂದು ಸಲ ನೀವಿಕೊಂಡಳು.

“ಸರಿಂಗ” ಎಂದಳು ಸರಣ್ಯಾ. “ನಾಲ್ಕನ್ನೇ ಹಾಕ್ತೀನಿ.”

ಸುಬ್ಬಯ್ಯನ್ ಬಹಳ ಉತ್ಸಾಹದಿಂದ ತಮ್ಮ ಟವೆಲನ್ನು ಮಡಿಸಿ ಅವನ ಕಣ್ಣಿಗೆ ಕಟ್ಟಿದರು. ಕೈಗೆ ಕಂಟ್ರೋಲರ್ ಬಂತು. ಅವನು ಅದನ್ನು ನೆಟ್ಟಗೇ ಹಿಡಿದ, ಅಷ್ಟಾದರೂ ಆಯಿತು.

ಮೊದಲು ಏನೂ ಇರಲಿಲ್ಲ. ಆಮೇಲೆ ಬಲಗಡೆ ದೂರದಲ್ಲಿ ಒಂದು ಹನಿ ನೀರು ಬಿತ್ತು. ಅದರ ಹಿಂದೆಯೇ ಇನ್ನೊಂದು, ಸ್ವಲ್ಪ ಹತ್ತಿರ. ಆ ಎರಡು ಹನಿಗಳ ನಡುವೆ ಎಷ್ಟು ಜಾಗವಿದೆ, ಗೋಡೆ ಎಲ್ಲಿದೆ, ಮೇಲೆ ಎಷ್ಟು ಎತ್ತರವಿದೆ ಎಂದು ಅವನಿಗೆ ಗೊತ್ತಾಗತೊಡಗಿತು. ಗುಂಡಿ ಒತ್ತಿದ. ಕಳ್ಳ ಒಂದು ಹೆಜ್ಜೆ ಇಟ್ಟ. ಒದ್ದೆ ಕಲ್ಲಿಗೆ ಅಂಗಾಲು ಅಂಟಿ ಮತ್ತೆ ಬಿಟ್ಟುಕೊಂಡಿತು, ಮಿಂದು ಬಂದ ಮಗು ಬರಿಗಾಲಲ್ಲಿ ನಡೆದ ಹಾಗೆ. ಇಷ್ಟು ವರ್ಷ ತಾನು ಹೊತ್ತು ತಿರುಗಿದ ಈ ಮನುಷ್ಯನಿಗೆ ಅಂಗಾಲು ಇದೆ, ಉಸಿರು ಇದೆ, ಭಯವಾದಾಗ ಆ ಉಸಿರು ಮೂಗಿನಲ್ಲಿ ಸಣ್ಣಗೆ ಸಿಳ್ಳೆಯಿಡುತ್ತದೆ. ಮುಂದಿನ ಹೆಜ್ಜೆಗೆ ಕಲ್ಲು ಹೋಗಿ ಮರಳು ಬಂತು. ಅಷ್ಟರಲ್ಲಿ ಎಡಗಡೆ ಬೀಗದ ಕೈಗಳ ಗೊಂಚಲು ಅಲುಗಿತು. ಯಾರೋ ಕೆಮ್ಮಿದರು. ಆಮೇಲೆ ಅರ್ಧ ಮರೆತ ರಾಗವೊಂದನ್ನು ಗುನುಗತೊಡಗಿದರು. ಗುನುಗು ಮಂಕಾದರೆ ಬೆನ್ನು ಈ ಕಡೆ, ಸ್ಪಷ್ಟವಾದರೆ ಮುಖ ಈ ಕಡೆ.

ಕಾವಲಿನವರು ಎಲ್ಲಿಂದಲೋ ಬರುತ್ತಾರೆ ಎಂದು ಅವನು ಎಷ್ಟು ಬೈದಿದ್ದ. ಅವರೆಲ್ಲ ಪಾಪ ಗುನುಗುತ್ತಲೇ ಬಂದಿದ್ದರು.

ಯಾವುದೋ ದೇಶದಲ್ಲಿ ಯಾರೋ ಒಬ್ಬರು ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ಸರಿಬರಲಿಲ್ಲವೆಂದು ಮತ್ತೆ ನಡೆದು, ಇದನ್ನು ಹಿಡಿದಿಟ್ಟಿದ್ದಾರೆ. ಒಂದೊಂದು ಎಳೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿದ ಕೆಲಸ. ವಿಮಲ್ ನಡೆಯುವುದನ್ನು ಬಿಟ್ಟು ಕೇಳುತ್ತಾ ನಿಂತ.

“ಅಮ್ಮಾ, ಕೈಗೆ ಏನಾಯ್ತುಂಗ? ಉಳುಕಾ?” ಎಂದು ಸುಬ್ಬಯ್ಯನ್ ಕೇಳಿದ್ದು ಬೆಟ್ಟದ ಆಚೆಯಿಂದೆಂಬಂತೆ ಕೇಳಿಸಿತು. ಅಜ್ಜಿ ಏನೂ ಇಲ್ಲ ಎಂದು ಗೊಣಗಿದಳು. ಗುನುಗು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಸರಿಯಬೇಕಿತ್ತು. ಆದರೆ ರಾಗ ಮುಂದೆ ಹೇಗೆ ಹೋಗುತ್ತದೆಂದು ಅವನಿಗೆ ತಿಳಿಯಬೇಕಿತ್ತು. ಗುನುಗು ನಿಂತಿತು. ಕಾವಲುಗಾರ ಅವನ ಕಿವಿಯಲ್ಲೇ ಎಂಬಂತೆ ಅರಚಿದ. ವಿಮಲ್ ಬೆಚ್ಚಿ ಎದ್ದ, ತಟ್ಟೆ ಉರುಳಿತು.

ಟವೆಲ್ ಬಿಚ್ಚಿದಾಗ ಮೊದಲು ಕಂಡದ್ದು ಅಜ್ಜಿ. ಅವಳ ಬಲಗೈ ಇನ್ನೂ ಗಾಳಿಯಲ್ಲಿತ್ತು, ಎಡಕ್ಕೆ ಸರಿ ಎಂಬ ಮಗ್ಗದ ಮನೆಯ ಸನ್ನೆಯಲ್ಲಿ. ಸರಣ್ಯಾ ಆ ಕೈಯನ್ನು ನೋಡುತ್ತಿದ್ದಳು.

“ಅವನು ಬರೋದು ಕೇಳಿಸ್ತು ತಾನೇ? ಯಾಕೆ ಸರಿಯಲಿಲ್ಲ?”

“ಕೇಳ್ತಾ ಇದ್ದೆ.” ಬೆಳಗಿನಿಂದ ಮೊದಲ ಸಲ ಅವನ ಧ್ವನಿ ಆ ಮನೆಗೆ ಹೊಂದುವಷ್ಟಿತ್ತು. “ಇವತ್ತೇ ಮೊದಲು ಕೇಳಿದ್ದು.”

ಆಮೇಲೆ ಎಲ್ಲ ಹೊರಬಂತು. ಅವರ ಮನೆಯ ಟಿವಿ ಇರುವುದು ಮಗ್ಗಗಳ ಪಕ್ಕ. ಎಳೆ ಕಡಿದರೆ ಬಡಿತ ಬದಲಾಗುತ್ತದೆ, ಕೂಡಲೇ ಓಡಬೇಕು, ಆದ್ದರಿಂದ ಹೆಡ್‌ಫೋನ್ ಹಾಕುವ ಹಾಗಿಲ್ಲ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಆದರೆ ಟಿವಿಯೂ ಹೋಗುತ್ತದೆ. ಹಬ್ಬಕ್ಕೆ ಮಗ್ಗ ನಿಂತರೆ ಟಿವಿ ನೆಂಟರ ಪಾಲು. “ಆಡಿದ್ದು ಆರು ಭಾಗ. ಒಂದರ ಸದ್ದೂ ಕೇಳಿಲ್ಲ. ನಾಲ್ಕನೇದನ್ನ ಗಣಿ ಬಾಗಿಲಲ್ಲೇ ಬಿಟ್ಟೆ.”

“ಒಬ್ಬ ಕಾವಲುಗಾರನೂ ನೋಡಿಲ್ಲ ಅಂದ್ರಿ.”

“ನೋಡದೇ ಇದ್ದಾಗ ಅದು ಅಜ್ಜಿಯಿಂದ. ನನ್ನ ಒಂದು ಕಣ್ಣು ಮಗ್ಗದ ಮೇಲೆ. ಇವರು ಕಂಡಿಕೆಗೆ ನೂಲು ಸುತ್ತುತ್ತಾ ಟಿವಿ ನೋಡಿ ಕೈ ತೋರಿಸೋರು. ಬಂದ, ನಿಲ್ಲು, ಈಗ ಹೋಗು, ಅಂತ.”

“ಆರನೇದರ ಮುದುಕ ಕೆಲಸ ಬಿಟ್ಟು ಹೋಗಲಿಲ್ಲಮ್ಮ” ಎಂದಳು ಅಜ್ಜಿ, ಇನ್ನು ಮುಚ್ಚಿಡುವುದು ಏನಿದೆ ಎಂಬಂತೆ. “ಇವನನ್ನ ಹಿಡಿದು ಬಾವಿಗೆ ಹಾಕ್ದ. ಬೇಕಾದಷ್ಟು ಸಲ.”

ಸುಬ್ಬಯ್ಯನ್ ಕೆಮ್ಮಿದರು. ಸರಣ್ಯಾ ನಗಲಿಲ್ಲ. ಕೆಳಗೆ ಬಿದ್ದಿದ್ದ ಕಂಟ್ರೋಲರನ್ನು ಎತ್ತಿ ಒರೆಸಿದಳು.

“ಈಗ ಹೇಳಿಂಗ. ಏಳರಲ್ಲಿ ಯಾವುದು ಎಲ್ಲಕ್ಕಿಂತ ಮೇಲು?”

ಮೂರು ಎಂಬುದು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲೇ ನಿಲ್ಲಿಸಿದ. “ಗೊತ್ತಿಲ್ಲ” ಎಂದ. “ಎಲ್ಲಾನೂ ಮತ್ತೆ ಕೇಳಬೇಕು.”

ಅವಳು ಟಿವಿಯ ಕೆಳಗಿನಿಂದ ಒಂದನೇ ಭಾಗದ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು. ಇವರು ಮಧ್ಯಾಹ್ನದ ಊಟ ಇಲ್ಲೇ ಮಾಡುತ್ತಾರೆ ಎಂದು ಅಪ್ಪನಿಗೆ ಹೇಳಿದಳು. ಅಜ್ಜಿ ಗಾಳಿಯಲ್ಲಿದ್ದ ಕೈಯನ್ನು ಕೊನೆಗೂ ಮಡಿಲಿಗೆ ಇಳಿಸಿದಳು.

“ಎಂಟನೇದು ನಿಮಗೆ ಹೆದರಿ ನಿಲ್ಲಿಸಿಲ್ಲ” ಎಂದಳು ಸರಣ್ಯಾ. “ಬರೋ ವರ್ಷ ಬರುತ್ತೆ.”

“ಗೊತ್ತು” ಎಂದ ವಿಮಲ್. “ಬಂತಾ ಬಂತಾ ಅಂತ ದಿನಾ ಎದ್ದ ತಕ್ಷಣ ಫೋನ್ ನೋಡ್ತೀನಿ.”