ಗುಂಡಿ ಕಿತ್ತ ಅಂಗಿಗಳು

ಅಧಿಕಾರಿ ಮನೆ ನೋಡಲು ಬರುತ್ತಾರೆಂದು ಗೊತ್ತಾದಾಗ ನಾವು ಮಾಡಿದಂಥ ಎಡವಟ್ಟನ್ನು ಬೇರೆ ಯಾರೂ ಮಾಡಿರಲಾರರು. ನಾವು ಮನೆ ಚೊಕ್ಕಟ ಮಾಡಿದೆವು.

ನಾನು ದರ್ಜಿ, ಮೂವತ್ತು ವರ್ಷ ಕೋಟು ಹೊಲಿದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ನನ್ನ ಮಾತು ಕೇಳುವುದನ್ನು ಬಿಟ್ಟವು. ಹೆಂಡತಿ ಮಕ್ಕಳಿಲ್ಲದ ಒಂಟಿ ಪ್ರಾಣಿ. ವಿಷಯ ತಿಳಿದ ಅಕ್ಕ ಒಂದು ಚೀಲ ಹಿಡಿದುಕೊಂಡು ಈ ದೇಶಕ್ಕೆ ಬಂದಳು. ನನಗೆ ಇಲ್ಲಿಯ ಪೌರತ್ವ ಇದೆ, ಅವಳಿಗಿಲ್ಲ. ತಮ್ಮನನ್ನು ನೋಡಿಕೊಳ್ಳಲು ಇಲ್ಲೇ ಉಳಿಯುತ್ತೇನೆಂದು ಅರ್ಜಿ ಹಾಕಿದ್ದಳು. ಅದರ ವಿಚಾರಣೆಗೇ ಅಧಿಕಾರಿ ಬರುತ್ತಿದ್ದುದು.

ಬಾಗಿಲು ತಟ್ಟುವವರು ಯಾರೇ ಆಗಲಿ, ಅಕ್ಕನ ಪಾಲಿಗೆ ನೆಂಟರೇ. ಕಮೋಡ್ ಕುರ್ಚಿಯನ್ನು ಮೂಲೆಗೆ ತಳ್ಳಿ ಮೇಲೆ ಚಾದರ ಹೊದಿಸಿದಳು. ಮಾತ್ರೆ ಡಬ್ಬಿಗಳು ಕಪಾಟು ಸೇರಿದವು. ವಾಕರ್ ಮಂಚದಡಿ ಹೋಯಿತು. ನಾನೇ ಹೊಲಿದಿದ್ದ ಬೂದು ಕೋಟನ್ನು ನನಗೆ ತೊಡಿಸಿ, ಒಂದೊಂದೇ ಗುಂಡಿ ಹಾಕಿ, ತಲೆ ಬಾಚಿ ಕೂರಿಸಿದಳು.

"ಹೇಗಿದೀರಿ?" ಅಂದರು ಅಧಿಕಾರಿ.

"ಫಸ್ಟ್ ಕ್ಲಾಸ್! ಯಾವುದಕ್ಕೂ ತೊಂದ್ರೆ ಇಲ್ಲ," ಅಂದೆ ನಾನು, ಜಂಭದ ಕೋಳಿ.

"ನಿಮಗೆ ಕಷ್ಟ ಆಗ್ತಿಲ್ವಾ ಅಮ್ಮ?"

"ಅಯ್ಯೋ, ನಂದೇನಿದೆ? ಎಲ್ಲಾ ಅವನೇ ಮಾಡ್ಕೋತಾನೆ," ಅಂದಳು ಅಕ್ಕ. ಒಡಹುಟ್ಟಿದವನ ಕುಂದನ್ನು ಹೊರಗಿನವರ ಮುಂದೆ ಆಡುವುದುಂಟೆ?

ಆರು ವಾರಕ್ಕೆ ಪತ್ರ ಬಂತು. ಅರ್ಜಿದಾರರ ತಮ್ಮ ಸ್ವಾವಲಂಬಿಯಾಗಿ ಕಂಡುಬಂದಿದ್ದಾರೆ, ಅರ್ಜಿಯನ್ನು ತಿರಸ್ಕರಿಸಲಾಗಿದೆ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬಲಗೈಯ ಜೋಮು ಒಳಗೂ ಇಳಿದಿತ್ತು, ಅಷ್ಟೆ.

ಪುಕ್ಕಟೆ ಸಲಹೆ ಕೊಡುವ ವಕೀಲಮ್ಮ ಪತ್ರವನ್ನು ಎರಡು ಸಲ ಓದಿದರು. "ಮೇಲ್ಮನವಿಗೆ ಅವಕಾಶ ಇಲ್ಲ. ಉಳಿದಿರೋದು ಮಂತ್ರಿಗಳಿಗೆ ಒಂದು ಕಾಗದ. ಮನಸ್ಸು ಮಾಡಿದ್ರೆ ನೋಡ್ತಾರೆ, ಇಲ್ಲಾಂದ್ರೆ ಇಲ್ಲ. ಯಾಕೆ ಅಂತ ಕೇಳೋ ಹಾಗೂ ಇಲ್ಲ."

"ಅಂದ್ರೆ ಅವರ ಮರ್ಜಿ," ಅಂದೆ.

"ಹೌದು. ಅದಕ್ಕೇ ಇದ್ದದ್ದು ಇದ್ದ ಹಾಗೆ ಹೇಳಿ. ಮತ್ತೆ ಯಾರಾದ್ರೂ ನೋಡೋಕೆ ಬರಬಹುದು, ಈ ಸಲ ಏನೂ ಬಚ್ಚಿಡಬೇಡಿ. ಬೆಳಿಗ್ಗೆ ಎದ್ದಾಗಿಂದ ನಿಮ್ಮ ಕೈಲಿ ಏನೇನು ಆಗಲ್ಲ?"

ಅಕ್ಕ ಕಿಟಕಿ ಕಡೆ ತಿರುಗಿಕೊಂಡಳು. ನಾನು ಹೇಳುತ್ತಾ ಹೋದೆ. ಒಬ್ಬನೇ ಏಳಲಾರೆ. ಒಬ್ಬನೇ ಸ್ನಾನ ಮಾಡಲಾರೆ. ಊರಿಗೆಲ್ಲ ಗುಂಡಿ ಹೊಲಿದು ಕೊಟ್ಟವನು ನನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾರೆ. ಆ ಕೊನೆಯ ಮಾತನ್ನು ವಕೀಲಮ್ಮ ಎಲ್ಲಕ್ಕಿಂತ ಮೇಲೆ ಟೈಪ್ ಮಾಡಿದರು. ನನಗೆ ಇನ್ಯಾರದೋ ಮೈ ಅಳತೆ ಬರೆಸಿದ ಹಾಗಿತ್ತು.

ಕಾಗದ ಹೋಗಿ ಒಂದು ತಿಂಗಳಾದರೂ ಉತ್ತರವಿಲ್ಲ. ಅಕ್ಕನ ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅವತ್ತು ನೋಡಿದರೆ ನನ್ನ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ನನ್ನ ಅಂಗಿಗಳ ಗುಂಡಿಯನ್ನೆಲ್ಲ ಕತ್ತರಿಸಿ ಬಟ್ಟಲಿಗೆ ಹಾಕಿ, ಅವುಗಳ ಜಾಗದಲ್ಲಿ ವೆಲ್ಕ್ರೋ ತುಂಡುಗಳನ್ನು ಹೊಲಿಯುತ್ತಿದ್ದಾಳೆ. ಹೊಲಿಗೆಯೋ, ಸೊಟ್ಟಸೊಟ್ಟ.

"ಏನಕ್ಕಾ ಇದು? ಇರೋ ಅಂಗಿನೆಲ್ಲ ಹಾಳು ಮಾಡ್ತಿದೀಯ!"

"ಸುಮ್ನಿರೋ. ನಾನಿಲ್ದಾಗ ಎಡಗೈಲಿ ಒತ್ತಿದ್ರೆ ಸಾಕು, ಅಂಟ್ಕೊಳುತ್ತೆ."

"ನೀನೆಲ್ಲಿಗೆ ಹೋಗ್ತೀಯ?"

"ಅಂಗಡಿಗೆ ಹೋಗಲ್ವೇನೋ," ಅಂದಳು, ಸೂಜಿಯಿಂದ ಕಣ್ಣೆತ್ತದೆ.

ಏಳು ಅಂಗಿ ಹೊಲಿದಳು. ಅಂಗಡಿಗೆ ಹೋಗಿ ಬರಲು ಏಳು ಅಂಗಿ ಬೇಕೆ?

ಮರುದಿನ ಬೆಳಿಗ್ಗೆ ನನ್ನನ್ನು ಮಂಚದ ಅಂಚಿನಲ್ಲಿ ಕೂರಿಸಿ, ಪಕ್ಕದಲ್ಲಿ ಒಂದು ಅಂಗಿ ಇಟ್ಟು, ಹಾಲು ತರಲು ಕೆಳಗಿಳಿದಳು. ಎಡಗೈಯಿಂದ ಬಲತೋಳಿಗೆ ಅಂಗಿ ಏರಿಸಿಕೊಂಡೆ. ಮೇಲಿನಿಂದ ಒಂದೊಂದಾಗಿ ಒತ್ತಿದೆ. ಐದೂ ಕೂತವು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಅಂಗಿಯನ್ನು ನಾನೇ ಹಾಕಿಕೊಂಡಿದ್ದೆ. ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು. ಕಾಗದದ ಮೊದಲ ಸಾಲೇ ಸುಳ್ಳಾಗಿಬಿಟ್ಟಿತ್ತು.

ಮೆಟ್ಟಿಲಲ್ಲಿ ಅವಳ ಹೆಜ್ಜೆ ಕೇಳಿಸಿತು. ಐದನ್ನೂ ಚರ್ರಚರ್ರನೆ ಕಿತ್ತು, ಎದೆ ಬಿಟ್ಟುಕೊಂಡು ಕೂತೆ.

"ಆಗ್ಲಿಲ್ವೇನೋ?"

"ಇಲ್ಲ ಕಣಕ್ಕಾ. ನನ್ ಕೈಲಿ ಆಗಲ್ಲ."

ಅವಳು ಹಾಲು ಕೆಳಗಿಟ್ಟು ಬಂದು ಒಂದೊಂದನ್ನೇ ಒತ್ತಿದಳು. ಕೊನೆಯದನ್ನು ಒತ್ತಿ ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ಕಿತ್ತ ಸದ್ದು ಮೆಟ್ಟಿಲವರೆಗೂ ಕೇಳಿಸ್ತು," ಅಂದಳು.